ಗುಡ್ಡ ಹತ್ತುವ ಸೈಕಲ್ಲು, ಗುಂಬದ ಲೆಕ್ಕ

2024ರ ಜುಲೈ 29. ಪ್ಯಾರಿಸ್ ಒಲಿಂಪಿಕ್ಸಿನ ಪುರುಷರ ಮೌಂಟನ್ ಬೈಕ್ ಸ್ಪರ್ಧೆ. ಜಾಗ, ನಗರದ ಹೊರಗಿನ ಎಲಾಂಕೂರ್ ಗುಡ್ಡ. ಅದು ದೇವರು ಮಾಡಿದ ಗುಡ್ಡವಲ್ಲ. ಹಳೆಯ ಕಲ್ಲುಗಣಿಯ ಜಾಗದಲ್ಲಿ ಮಣ್ಣು ಮತ್ತು ಕಟ್ಟಡಗಳ ಅವಶೇಷ ಸುರಿದು ಸುರಿದು ಎದ್ದ ದಿಬ್ಬ. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಮುಂಚೂಣಿಯಲ್ಲಿದ್ದಾಗ ಅವರ ಸೈಕಲ್ಲಿನ ಮುಂದಿನ ಚಕ್ರ ಪಂಕ್ಚರ್ ಆಯಿತು. ದಾರಿಯ ಬದಿಯಲ್ಲಿ ಕಾದಿದ್ದ ಮೆಕ್ಯಾನಿಕ್ ಚಕ್ರ ಬದಲಿಸಿದ. ಅಷ್ಟರಲ್ಲಿ ಮುಂದಿನವರು ಅರ್ಧ ನಿಮಿಷಕ್ಕೂ ಹೆಚ್ಚು ದೂರ ಹೋಗಿಬಿಟ್ಟಿದ್ದರು. ಆದರೂ ಪಿಡ್‌ಕಾಕ್ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದು, ಕೊನೆಯ ಸುತ್ತಿನಲ್ಲಿ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನು ದಾಟಿ, 9 ಸೆಕೆಂಡುಗಳ ಅಂತರದಲ್ಲಿ ಚಿನ್ನ ಗೆದ್ದರು.

ಎಲ್ಲರೂ ಅವರ ಕಾಲಿನ ಶಕ್ತಿಯನ್ನು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ನಾನು ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತೆಂಟು ವರ್ಷ ಕೂತು ನಿವೃತ್ತನಾದವನು. ಅಂಕಿ ಅಂಕಿಗೆ ತಾಳೆ ಆಗಿದೆಯೇ ಎಂದು ನೋಡುವುದು ನನ್ನ ಹಳೆಯ ಚಾಳಿ. ಆ ಬದಲಿ ಚಕ್ರ ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತಲ್ಲ, ಅದರ ಹಿಂದಿನ ಲೆಕ್ಕವೇನು? ಒಂದೆರಡು ಮಿಲಿಮೀಟರ್ ಆಚೀಚೆ ಆಗಿದ್ದರೂ ಆ ಚಿನ್ನ ಬೇರೆಯವರ ಕೊರಳಿಗೆ ಹೋಗುತ್ತಿತ್ತು. ಮಕ್ಕಳೇ, ಇವತ್ತು ಆ ಮಿಲಿಮೀಟರುಗಳ ಕಥೆ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಕೂಡಿ. ಇದರಲ್ಲಿ ನಮ್ಮ ಕಾಲದ ಸೈಕಲ್ಲೂ ಬರುತ್ತದೆ.

ಗುಂಬ ಎಂದರೇನು?

ಎತ್ತಿನ ಗಾಡಿ ನೋಡಿದ ಹಿರಿಯರಿಗೆ ಗುಂಬ ಗೊತ್ತು. ಚಕ್ರದ ನಟ್ಟನಡುವಿನ ದಪ್ಪ ಮರದ ತುಂಡು ಅದು. ಅರಗಳೆಲ್ಲ ಅದಕ್ಕೇ ಬಂದು ಸೇರುತ್ತವೆ. ಅದರ ತೂತಿನೊಳಗೆ ಅಚ್ಚು ಹಾಯುತ್ತದೆ, ಹೊರಗೆ ಕಡಾಣಿ ಹೊಡೆದರೆ ಚಕ್ರ ಕಳಚುವುದಿಲ್ಲ. ಸೈಕಲ್ಲಿನ ಹಬ್ ಎಂದರೆ ಅದೇ ಗುಂಬ, ಲೋಹದ್ದು. ಅರಗಳ ಜಾಗದಲ್ಲಿ ಸ್ಪೋಕ್ ಕಡ್ಡಿಗಳು, ಕಡಾಣಿಯ ಜಾಗದಲ್ಲಿ ನಟ್ಟು. ಒಳಗೆ ಬೇರಿಂಗ್ ಗುಂಡುಗಳು ಗ್ರೀಸಿನಲ್ಲಿ ಮುಳುಗಿ ತಿರುಗುತ್ತಿರುತ್ತವೆ.

ಹಬ್ಬಿನ ಎರಡು ಬದಿಗೆ ತಟ್ಟೆಯಂಥ ಅಂಚುಗಳಿವೆ. ಕಡ್ಡಿಗಳು ಆ ಅಂಚುಗಳ ತೂತಿನಿಂದ ಹೊರಟು ರಿಮ್ಮಿಗೆ ಹೋಗುತ್ತವೆ. ನಮ್ಮ ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು. ಹಿಂದೆ ಹೆಚ್ಚು ಏಕೆ? ಸವಾರನ ಭಾರ, ಕ್ಯಾರಿಯರಿನ ಮೇಲಿನ ಹಿಟ್ಟಿನ ಡಬ್ಬಿ, ಅದರ ಮೇಲೆ ಕೂತ ತಮ್ಮ, ಎಲ್ಲವೂ ಹಿಂದಿನ ಚಕ್ರದ ಪಾಲು.

ಗ್ರೀಸು ಸುಟ್ಟ ಇಳಿಜಾರು

ಮೌಂಟನ್ ಬೈಕಿನ ಹುಟ್ಟಿನಲ್ಲೇ ಹಬ್ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಜಿಲ್ಲೆ. ಅಲ್ಲಿಯ ಬೆಟ್ಟದ ಮಣ್ಣುದಾರಿಗಳಲ್ಲಿ 1970ರ ದಶಕದಲ್ಲಿ ಕೆಲವು ಹುಡುಗರು 1930ರ, 40ರ ದಶಕದ ಭಾರೀ ಸೈಕಲ್ಲುಗಳನ್ನು ಗುಜರಿಯಿಂದ ತಂದು ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅವರದ್ದೇ ಒಂದು ಪಂದ್ಯ ಶುರುವಾಯಿತು. ಎರಡು ಮೈಲಿಯಷ್ಟು ದಾರಿಯಲ್ಲಿ ಸುಮಾರು 1300 ಅಡಿ ಇಳಿತ.

ಆ ಸೈಕಲ್ಲುಗಳಿಗೆ ಕೈಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನ ಒಳಗೇ ಬ್ರೇಕ್ ಹಿಡಿಯುತ್ತಿತ್ತು. ಇಳಿಜಾರು ಮುಗಿಯುವುದರೊಳಗೆ ಹಬ್ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ಮತ್ತೆ ತುಂಬುವುದಕ್ಕೆ ‘ರಿಪ್ಯಾಕ್’ ಎನ್ನುತ್ತಾರೆ. ಪಂದ್ಯಕ್ಕೆ ಅದೇ ಹೆಸರು ನಿಂತಿತು, ರಿಪ್ಯಾಕ್!

ಆ ಗುಂಪಿನ ಜೋ ಬ್ರೀಝ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ 1979ರಲ್ಲಿ ‘ಮೌಂಟನ್‌ಬೈಕ್ಸ್’ ಎಂಬ ಹೆಸರಿನಲ್ಲೇ ಅಂಗಡಿ ತೆರೆದರು. ಅವರಿಗೆ ಚೌಕಟ್ಟು ಮಾಡಿಕೊಟ್ಟವರು ಟಾಮ್ ರಿಚಿ. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್, 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸಿಗೆ ಪ್ರವೇಶ. ಗುಜರಿಯಿಂದ ಒಲಿಂಪಿಕ್ಸಿಗೆ ಇಪ್ಪತ್ತೇ ವರ್ಷ.

ಒಲಿಂಪಿಕ್ಸಿನಲ್ಲಿರುವ ಈ ಬಗೆಗೆ ಕ್ರಾಸ್ ಕಂಟ್ರಿ ಎಂದು ಹೆಸರು. ಬರೀ ಇಳಿಯುವುದಲ್ಲ, ಹತ್ತಲೂ ಬೇಕು. ಹತ್ತುವುದಕ್ಕೆ ಸೈಕಲ್ಲು ಹಗುರವಾಗಿರಬೇಕು, ಕಲ್ಲಿನ ಮೇಲೆ ಇಳಿಯುವುದಕ್ಕೆ ಗಟ್ಟಿಯಾಗಿರಬೇಕು. ಈ ಎರಡರ ಹಗ್ಗಜಗ್ಗಾಟದಿಂದಲೇ ಎಲ್ಲ ಹೊಸ ಅಳತೆಗಳೂ ಹುಟ್ಟಿದವು.

135, 142, 148

ಹಿಂದಿನ ಚಕ್ರ ಕೂರುವುದು ಚೌಕಟ್ಟಿನ ಎರಡು ಕಾಲುಗಳ ನಡುವೆ. ಆ ನಡುವಿನ ಜಾಗ ಮತ್ತು ಹಬ್ಬಿನ ಅಗಲ ಒಂದಕ್ಕೊಂದು ತಾಳೆ ಆಗಬೇಕು. 1990ರ ದಶಕದ ಮೌಂಟನ್ ಬೈಕುಗಳಲ್ಲಿ ಈ ಅಗಲ 135 ಮಿಲಿಮೀಟರ್, ಮುಂದಿನ ಹಬ್ಬಿನದು 100. ನಮ್ಮ ಮಕ್ಕಳು ಶಾಲೆಗೆ ಓಡಿಸುವ ಗೇರ್ ಸೈಕಲ್ಲುಗಳಲ್ಲಿ ಇಂದಿಗೂ ಸಾಮಾನ್ಯವಾಗಿ ಇವೇ ಅಳತೆಗಳು.

ಆಮೇಲೆ 142 ಬಂತು. ಕೇಳಿದರೆ 7 ಮಿಲಿಮೀಟರ್ ಅಗಲವಾಯಿತು ಎನಿಸುತ್ತದೆ. ನಿಜದಲ್ಲಿ ಹಬ್ಬಿನ ಅಂಚುಗಳು ಹಿಂದಿದ್ದಲ್ಲೇ ಇವೆ. ತುದಿಗಳನ್ನು ಮಾತ್ರ ಒಂದೊಂದು ಬದಿಗೆ ಮೂರೂವರೆ ಮಿಲಿಮೀಟರ್ ಉದ್ದ ಮಾಡಿ, ಅವು ಕೂರಲು ಚೌಕಟ್ಟಿನ ಒಳಬದಿಯಲ್ಲಿ ಸಣ್ಣ ಗೂಡು ಕೊರೆದರು. ಚಕ್ರವನ್ನು ತಂದು ಹಿಡಿದರೆ ಸಾಕು, ಅದೇ ತನ್ನ ಜಾಗ ಹುಡುಕಿಕೊಂಡು ಕೂರುತ್ತದೆ.

ಸುಮಾರು ಹತ್ತು ವರ್ಷಗಳ ಹಿಂದೆ ಬಂದ 148ರಲ್ಲಿ ನಿಜವಾಗಿಯೂ ಅಂಚುಗಳು ಸರಿದವು. ಇದಕ್ಕೆ ‘ಬೂಸ್ಟ್’ ಎಂಬ ಹೆಸರು. 142ಕ್ಕಿಂತ 6 ಮಿಲಿಮೀಟರ್ ಹೆಚ್ಚು, ಎಂದರೆ ಒಂದೊಂದು ಬದಿಗೆ 3. ನಿಮ್ಮ ಕಂಪಾಸ್ ಪೆಟ್ಟಿಗೆಯ ಪೆನ್ಸಿಲ್ಲಿನ ದಪ್ಪ ಸುಮಾರು 7 ಮಿಲಿಮೀಟರ್. ಅದರ ಅರ್ಧಕ್ಕೂ ಕಡಿಮೆ ಸರಿದದ್ದರಿಂದ ಏನಾಗುತ್ತದೆ?

ಓಡುವ ಬಸ್ಸಿನಲ್ಲಿ ನಿಂತದ್ದನ್ನು ನೆನಪಿಸಿಕೊಳ್ಳಿ. ಕಾಲು ಜೋಡಿಸಿ ನಿಂತರೆ ತಿರುವಿನಲ್ಲಿ ಪಕ್ಕದವರ ಮೇಲೆ ಬೀಳುತ್ತೀರಿ, ಕಾಲು ಅಗಲಿಸಿ ನಿಂತರೆ ಬೀಳುವುದಿಲ್ಲ. ಚಕ್ರದ ಕಡ್ಡಿಗಳೂ ಹಾಗೆಯೇ. ಹಬ್ಬಿನ ಅಂಚುಗಳು ದೂರ ದೂರ ಇದ್ದಷ್ಟೂ ಕಡ್ಡಿಗಳು ಹೆಚ್ಚು ಓರೆಯಾಗಿ ನಿಂತು ರಿಮ್ಮನ್ನು ಎರಡೂ ಕಡೆಯಿಂದ ಬಿಗಿಯಾಗಿ ಎಳೆದು ಹಿಡಿಯುತ್ತವೆ. ಪಕ್ಕದಿಂದ ಕಲ್ಲು ಬಡಿದರೂ ಚಕ್ರ ಬಾಗುವುದು ಕಡಿಮೆ. ಚಕ್ರ ದೊಡ್ಡದಾದಂತೆ ಕಡ್ಡಿ ಉದ್ದವಾಗುತ್ತದೆ, ಉದ್ದ ಕಡ್ಡಿಯ ಚಕ್ರ ಬಾಗುವುದು ಸುಲಭ. ಹಾಗಾಗಿ 29 ಇಂಚಿನ ದೊಡ್ಡ ಚಕ್ರಕ್ಕೆ ಈ ಅಗಲ ಬೇಕಾಯಿತು. ಮುಂದಿನ ಹಬ್ಬೂ 100ರಿಂದ 110ಕ್ಕೆ ಹೋಯಿತು. ಹಿಂದೆ ಎಲ್ಲವೂ ಸರಿದದ್ದರಿಂದ ಪೆಡಲ್ ಬಳಿಯ ಚೈನ್‌ವೀಲನ್ನೂ 3 ಮಿಲಿಮೀಟರ್ ಹೊರಗೆ ತರಬೇಕಾಯಿತು, ಇಲ್ಲವಾದರೆ ಚೈನು ಓರೆಯಾಗಿ ಸವೆಯುತ್ತದೆ. ಒಂದು ಅಂಕಿ ತಿದ್ದಿದರೆ ಇಡೀ ಲೆಡ್ಜರ್ ತಿದ್ದಬೇಕು ಎನ್ನುತ್ತಾರಲ್ಲ, ಹಾಗೆ.

ಹಿಂದಿನ ಹಬ್ಬಿನಲ್ಲಿ ಇನ್ನೊಂದು ಬದಲಾವಣೆ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳೆಂಟು ಇದ್ದ ಕಾಲ ಹೋಯಿತು. ಈಗಿನ ಸ್ಪರ್ಧೆಯ ಬೈಕಿನಲ್ಲಿ ಮುಂದೆ ಒಂದೇ, ಹಿಂದೆ ಹನ್ನೆರಡು. ಅತಿ ಸಣ್ಣದಕ್ಕೆ 10 ಹಲ್ಲು, ಅತಿ ದೊಡ್ಡದಕ್ಕೆ 50 ಅಥವಾ ಇನ್ನೂ ಒಂದೆರಡು ಹೆಚ್ಚು, ಊಟದ ತಟ್ಟೆಯಷ್ಟು! ಹಳೆಯ ಹಬ್ಬಿನ ಮೇಲೆ 11 ಹಲ್ಲಿಗಿಂತ ಸಣ್ಣದು ಕೂರುತ್ತಿರಲಿಲ್ಲ. ಹಾಗಾಗಿ ಅಮೆರಿಕದ ಸ್ರ್ಯಾಮ್ ಒಂದು ಬಗೆಯ ಕೂಡಿಕೆ ಮಾಡಿತು, ಜಪಾನಿನ ಶಿಮಾನೊ ಇನ್ನೊಂದು ಬಗೆ ಮಾಡಿತು. ಒಂದರ ಹಲ್ಲುಚಕ್ರ ಇನ್ನೊಂದರ ಕೂಡಿಕೆಗೆ ಕೂರುವುದಿಲ್ಲ. ಇಲ್ಲಿಂದ ತಲೆನೋವು ಶುರು. ಅದನ್ನು ಆಮೇಲೆ ಹೇಳುತ್ತೇನೆ.

ನಟ್ಟು, ಲಿವರು, ತೂರುವ ಅಚ್ಚು

ನಮ್ಮ ಕಾಲದಲ್ಲಿ ಚಕ್ರ ಬಿಚ್ಚಬೇಕೆಂದರೆ ಪಾನಾ ಬೇಕಿತ್ತು. ಸ್ಪರ್ಧೆಗಳಲ್ಲಿ ಕೈಯಿಂದಲೇ ತಿರುಗಿಸುವ ಕಿವಿನಟ್ಟು. ಇಟಲಿಯ ತುಲ್ಲಿಯೊ ಕಂಪಾನ್ಯೊಲೊ ಎಂಬ ಸ್ಪರ್ಧಿಯ ಬಗ್ಗೆ ಸೈಕಲ್ ಲೋಕದಲ್ಲಿ ಒಂದು ಕಥೆ ಹೇಳುತ್ತಾರೆ. 1927ರಲ್ಲಿ ಹಿಮ ಬೀಳುವ ಬೆಟ್ಟದ ದಾರಿಯಲ್ಲಿ ಅವರ ಬೆರಳು ಮರಗಟ್ಟಿ, ಚಕ್ರದ ಕಿವಿನಟ್ಟು ಬಿಚ್ಚಲಾಗದೆ ಪಂದ್ಯ ಕೈತಪ್ಪಿತಂತೆ. ಆ ಕೊರಗಿನಲ್ಲಿ ಅವರು ಮಾಡಿದ್ದು ಕ್ವಿಕ್ ರಿಲೀಸ್. ಟೊಳ್ಳಾದ ಅಚ್ಚಿನೊಳಗೆ ಒಂದು ಸಪೂರ ಸರಳು, ತುದಿಗೆ ಲಿವರು. ಲಿವರು ಮಡಚಿದರೆ ಬಿಗಿ, ಬಿಡಿಸಿದರೆ ಸಡಿಲ. ಇವತ್ತಿಗೂ ಸಾವಿರಾರು ಸೈಕಲ್ಲುಗಳಲ್ಲಿ ಅದೇ ಇದೆ.

ಆದರೆ ಮೌಂಟನ್ ಬೈಕಿಗೆ ಡಿಸ್ಕ್ ಬ್ರೇಕ್ ಬಂದ ಮೇಲೆ ಅದು ಸಾಲದಾಯಿತು. ರಿಮ್ಮಿನ ಬದಲು ಹಬ್ಬಿನ ಎಡಬದಿಯ ಸಣ್ಣ ತಟ್ಟೆಯನ್ನು ಹಿಡಿಯುವ ಬ್ರೇಕ್ ಅದು. ಮುಂದಿನ ಚಕ್ರವನ್ನು ಗಟ್ಟಿಯಾಗಿ ಹಿಡಿದಾಗ, ಅಚ್ಚನ್ನು ಫೋರ್ಕಿನ ಸೀಳಿನಿಂದ ಹೊರಕ್ಕೆ ತಳ್ಳುವ ಬಲ ಹುಟ್ಟುತ್ತದೆ. ಲಿವರು ಸಡಿಲವಿದ್ದರೆ ಗತಿ? 2015ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿ ಸುಮಾರು ಒಂಬತ್ತು ಲಕ್ಷ ಸೈಕಲ್ಲುಗಳನ್ನು ತಪಾಸಣೆಗೆ ವಾಪಸು ಕರೆಯಿತು. ತೆರೆದುಕೊಂಡ ಲಿವರು ತಿರುಗುವ ಡಿಸ್ಕಿಗೆ ಸಿಕ್ಕಿಕೊಂಡು ಚಕ್ರ ಗಕ್ಕನೆ ನಿಲ್ಲಬಹುದಾಗಿತ್ತು. ಅಂಥ ಒಂದು ಅಪಘಾತದಲ್ಲಿ ಒಬ್ಬ ಸವಾರನ ಕೈಕಾಲುಗಳೆರಡರ ಸ್ವಾಧೀನವೇ ಹೋಗಿತ್ತು. ಅಂಗೈಯಲ್ಲಿ ಹಿಡಿಯುವ ಒಂದು ತುಂಡು ಲೋಹ, ಒಬ್ಬ ಮನುಷ್ಯನ ಇಡೀ ಬದುಕು.

ಈಗಿನ ಉತ್ತರ, ತೂರುವ ಅಚ್ಚು. ಇಂಗ್ಲಿಷಿನಲ್ಲಿ ಥ್ರೂ ಆ್ಯಕ್ಸಲ್. ಫೋರ್ಕಿನಲ್ಲಿ ಸೀಳೇ ಇಲ್ಲ, ದುಂಡನೆಯ ತೂತು. ಮುಂದೆ 15, ಹಿಂದೆ 12 ಮಿಲಿಮೀಟರ್ ದಪ್ಪದ ಸರಳು ಒಂದು ಕಾಲಿನಿಂದ ಹೊಕ್ಕು, ಹಬ್ಬಿನ ಹೊಟ್ಟೆಯೊಳಗೆ ಹಾದು, ಇನ್ನೊಂದು ಕಾಲಿನ ಮರೆಗೆ ತಿರುಗಿ ಕೂರುತ್ತದೆ. ಸರಳು ಹೊರಗೆ ಬರುವ ತನಕ ಚಕ್ರ ಬೀಳಲು ದಾರಿಯೇ ಇಲ್ಲ. ಗಾಡಿಯ ಅಚ್ಚಿಗೆ ಮರಳಿ ಬಂದೆವು ನೋಡಿ!

ಇದಕ್ಕೆಲ್ಲ ತಲೆಕೆಳಗಾದ ಒಂದು ತಮಾಷೆಯ ಬೈಕೂ ಇದೆ. ಕ್ಯಾನನ್‌ಡೇಲ್ ಕಂಪನಿಯ ‘ಲೆಫ್ಟಿ’ ಎಂಬ ಫೋರ್ಕಿಗೆ ಒಂದೇ ಕಾಲು, ಎಡಗಾಲು ಮಾತ್ರ. ಮೊದಲ ಸಲ ಕಂಡವರು ಇನ್ನೊಂದು ಕಾಲು ಮುರಿದು ಹೋಗಿದೆ ಎಂದುಕೊಳ್ಳುತ್ತಾರೆ. ಆದರೆ ನಮ್ಮ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಮುಂದಿನ ಚಕ್ರವೂ ಒಂದೇ ಬದಿಗೆ ತಾನೇ ನಿಂತಿದ್ದು? ನಾವು ಅದರ ಮೇಲೆ ಸಂಸಾರ ಸಮೇತ ಊರು ಸುತ್ತಲಿಲ್ಲವೇ?

ಚೌಕಟ್ಟು ಹಿಂದಕ್ಕೆ ವಾಲಿತು

ಈಗ ಚೌಕಟ್ಟಿನ ಮಾತು. ಮಕ್ಕಳೇ, ಕೋನಮಾಪಕ ತೆಗೆದುಕೊಳ್ಳಿ. ಹ್ಯಾಂಡಲ್ಲಿನಿಂದ ಮುಂದಿನ ಚಕ್ರಕ್ಕೆ ಇಳಿಯುವ ಕೊಳವೆ ನೆಲದೊಂದಿಗೆ ಎಷ್ಟು ಡಿಗ್ರಿ ಮಾಡುತ್ತದೆ ನೋಡಿ. 1990ರ ದಶಕದ ಕ್ರಾಸ್ ಕಂಟ್ರಿ ಬೈಕಿನಲ್ಲಿ ಅದು ಸುಮಾರು 71 ಡಿಗ್ರಿ. ಈಗಿನವುಗಳಲ್ಲಿ 67, 68ರ ಆಸುಪಾಸು. ಮೂರ್ನಾಲ್ಕು ಡಿಗ್ರಿ ಮಾತ್ರ, ಆದರೆ ಅಷ್ಟಕ್ಕೆ ಮುಂದಿನ ಚಕ್ರ ಸವಾರನಿಂದ ಇನ್ನಷ್ಟು ಮುಂದೆ ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಬೀಳುವ ಭಯ ಕಡಿಮೆಯಾಗುತ್ತದೆ, ವೇಗದಲ್ಲಿ ಚಕ್ರ ಅತ್ತಿತ್ತ ಅಲುಗಾಡುವುದಿಲ್ಲ.

ಜೊತೆಗೆ ಹ್ಯಾಂಡಲ್ ಅಗಲವಾಯಿತು. ಹಿಂದೆ 580 ಮಿಲಿಮೀಟರ್ ಇದ್ದದ್ದು ಈಗ 740ರ ಹತ್ತಿರ. ಅದನ್ನು ಹಿಡಿದು ನಿಲ್ಲಿಸುವ ಕತ್ತು ಗಿಡ್ಡವಾಯಿತು. ಸೀಟಿನ ಕೆಳಗಿನ ಕೊಳವೆ ಮಾತ್ರ ಹೆಚ್ಚು ನೆಟ್ಟಗಾಯಿತು. ಹತ್ತುವಾಗ ಸವಾರನ ಭಾರ ಮುಂದಕ್ಕೆ ಬರಲಿ, ಮುಂದಿನ ಚಕ್ರ ಎದ್ದು ನಿಲ್ಲದಿರಲಿ ಎಂದು. ಒತ್ತಿದರೆ ಸೀಟೇ ಕೆಳಗಿಳಿಯುವ ಕಂಬವೂ ಬಂದಿದೆ. ಇಳಿಜಾರಿನಲ್ಲಿ ಸೀಟು ಕೆಳಗೆ, ಏರಿನಲ್ಲಿ ಮೇಲೆ.

ಇಲ್ಲಿ ನನ್ನ ಓರಗೆಯವರು ಎದೆಯುಬ್ಬಿಸಬಹುದು. ನಾವು ಓಡಿಸಿದ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಸೈಕಲ್ಲುಗಳ ಮುಂದಿನ ಕೊಳವೆಯೂ ಹೀಗೆಯೇ ಹಿಂದಕ್ಕೆ ವಾಲಿ, 70 ಡಿಗ್ರಿಯ ಒಳಗೇ ಇತ್ತು. ಕಾರಣವೂ ಒಂದೇ, ಕೆಟ್ಟ ರಸ್ತೆ! ಗುಂಡಿ ಹಾರಿಸಿದರೂ ಹ್ಯಾಂಡಲ್ ಕೈಯಿಂದ ಜಾರುತ್ತಿರಲಿಲ್ಲ. ನಮ್ಮ ಚೌಕಟ್ಟಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ನಾವು ಸೈಕಲ್ ಕಲಿತೆವು. ಈಗಿನ ಚೌಕಟ್ಟಿನಲ್ಲಿ ಆ ತ್ರಿಕೋನ ಕುಗ್ಗಿದೆ, ಒಳಪೆಡ್ಲು ಸಾಧ್ಯವಿಲ್ಲ. ಅದೊಂದು ನಷ್ಟವೇ.

ದೊಡ್ಡ ಗಾಲಿಯ ಜಗಳ

ಚಕ್ರದ ಗಾತ್ರದ ಮೇಲೂ ದೊಡ್ಡ ಜಗಳ ನಡೆಯಿತು. ಮೊದಲು ಎಲ್ಲರದ್ದೂ 26 ಇಂಚು. ಆಮೇಲೆ ಗ್ಯಾರಿ ಫಿಶರ್ ಮೊದಲಾದವರು 29 ಇಂಚಿನ ಚಕ್ರ ತಂದರು. ದೊಡ್ಡ ಗಾಲಿ ಕಲ್ಲನ್ನು ಸುಲಭವಾಗಿ ಹತ್ತುತ್ತದೆ. ಸೂಟ್‌ಕೇಸಿನ ಪುಟ್ಟ ಗಾಲಿ ಹೊಸ್ತಿಲಿಗೇ ತಡೆದು ನಿಲ್ಲುತ್ತದೆ, ಎತ್ತಿನ ಗಾಡಿಯ ಗಾಲಿ ಹೊಲದ ಬದುವನ್ನೇ ದಾಟುತ್ತದೆ. ಆದರೆ ದೊಡ್ಡದು ಭಾರ, ತಿರುವಿನಲ್ಲಿ ನಿಧಾನ ಎಂದು ಕೆಲವರ ವಾದ. ಅವರಿಗಾಗಿ ನಡುವೆ ಇಪ್ಪತ್ತೇಳೂವರೆ ಬಂತು.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ವಾದ ಮೈದಾನಕ್ಕೇ ಇಳಿಯಿತು. ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29 ಇಂಚಿನ, ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇದ್ದ ಬೈಕಿನಲ್ಲಿ ಬಂದರು. ಸ್ವಿಟ್ಜರ್‌ಲೆಂಡಿನ ನೀನೊ ಶುರ್ಟರ್ ಇಪ್ಪತ್ತೇಳೂವರೆಯ, ಮುಂದೆ ಮಾತ್ರ ಸ್ಪ್ರಿಂಗ್ ಇದ್ದ ಹಗುರ ಬೈಕಿನಲ್ಲಿ. ಕೊನೆಯ ತಿರುವಿನವರೆಗೂ ಜೊತೆಯಲ್ಲೇ ಬಂದರು. ಕುಲ್ಹಾವಿ ಒಂದೇ ಸೆಕೆಂಡಿನಲ್ಲಿ ಗೆದ್ದರು. ಕಂಚು ಗೆದ್ದ ಇಟಲಿಯ ಮಾರ್ಕೊ ಫೊಂಟಾನಾ ಕೊನೆಯ ಭಾಗವನ್ನು ಸೀಟೇ ಇಲ್ಲದೆ ಓಡಿಸಿದರು, ದಾರಿಯಲ್ಲಿ ಅದು ಮುರಿದು ಬಿದ್ದಿತ್ತು! ಮುಂದೆ ಶುರ್ಟರ್ ಕೂಡ 29ಕ್ಕೇ ಬಂದರು. ಜಗಳ ಮುಗಿಯಿತು.

29 ಇಂಚು ಎಂಬ ಚಕ್ರದಲ್ಲಿ ಟೈರು ಕೂರುವ ರಿಮ್ಮಿನ ವ್ಯಾಸ 622 ಮಿಲಿಮೀಟರ್. ಹಳೆಯ 26ರದ್ದು 559, ಇಪ್ಪತ್ತೇಳೂವರೆಯದು 584. ನಮ್ಮ ತಂದೆಯವರು ಓಡಿಸಿದ 28 ಇಂಚಿನ ದೊಡ್ಡ ಸೈಕಲ್ಲಿನದು? 635! ಹೆಸರಿನಲ್ಲಿ 28, ರಿಮ್ಮಿನಲ್ಲಿ 29ಕ್ಕಿಂತ ದೊಡ್ಡದು. ಹೆಸರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ, ಮಿಲಿಮೀಟರ್ ನೋಡಿ ಎನ್ನುವುದು ಇದಕ್ಕೇ.

ಬಾಗುವ ಚೌಕಟ್ಟು

ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಬೇಕೆಂದರೆ ಚೌಕಟ್ಟನ್ನು ತುಂಡು ಮಾಡಿ ನಡುವೆ ಕೀಲುಗಳನ್ನು ಕೂಡಿಸಬೇಕು. ಒಂದೊಂದು ಕೀಲಿಗೂ ಬೇರಿಂಗ್, ಬೋಲ್ಟು, ತೂಕ. ಹೊಸ ಉಪಾಯ ಏನೆಂದರೆ, ಹಿಂದಿನ ಅಚ್ಚಿನ ಬಳಿಯ ಕೀಲನ್ನೇ ತೆಗೆದುಹಾಕಿ, ಕಾರ್ಬನ್ ಎಳೆಗಳಿಂದ ಮಾಡಿದ ಕೊಳವೆಯೇ ಬಿದಿರಿನ ಬಿಲ್ಲಿನಂತೆ ಚೂರು ಬಾಗುವ ಹಾಗೆ ಮಾಡುವುದು. ಕಾರ್ಬನ್ ಎಳೆಗಳನ್ನು ಯಾವ ದಿಕ್ಕಿಗೆ ಹಾಸುತ್ತಾರೋ ಅದರಂತೆ ಅದು ಒಂದು ಕಡೆ ಬಾಗುತ್ತದೆ, ಇನ್ನೊಂದು ಕಡೆ ಸೆಟೆದು ನಿಲ್ಲುತ್ತದೆ. ಟ್ರೆಕ್ ಕಂಪನಿ 2019ರಲ್ಲಿ ಸ್ಪ್ರಿಂಗಿನ ಭಾಗವನ್ನು ಚೌಕಟ್ಟಿನ ಮೇಲ್ಕೊಳವೆಗೇ ಅಂಟಿಸಿ ಹಿಂದಿನ ಚಕ್ರಕ್ಕೆ 60 ಮಿಲಿಮೀಟರ್ ಓಲಾಟ ಕೊಟ್ಟಿತು. ಸ್ಕಾಟ್ ಕಂಪನಿ 2021ರಲ್ಲಿ ಅದನ್ನು ಚೌಕಟ್ಟಿನ ಹೊಟ್ಟೆಯೊಳಗೇ ಅಡಗಿಸಿತು. ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ.

ನಮ್ಮ ಮನೆಯ ಆರು ಮಿಲಿಮೀಟರ್

ಇಷ್ಟೆಲ್ಲ ನಾನು ಕಲಿತದ್ದು ಮೊಮ್ಮಗಳಿಂದ. ಒಂಬತ್ತನೆಯ ತರಗತಿ. ಧಾರವಾಡದ ಹೊರಗಿನ ಮಣ್ಣುದಾರಿಯಲ್ಲಿ ಎರಡು ವರ್ಷದಿಂದ ಬೆಳಗಿನ ಐದೂವರೆಗೇ ಸೈಕಲ್ ಹೊಡೆಯುತ್ತಾಳೆ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳ ಹೆಸರು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಗದಗದ ಬಳಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆಯೂ ನಡೆದಿದೆ. ಅದನ್ನೆಲ್ಲ ಕೇಳಿ ಬೆಳೆದ ಹುಡುಗಿ.

ಅವಳದು ಬೇರೊಬ್ಬರು ಓಡಿಸಿ ಬಿಟ್ಟ ಬೈಕು, 29 ಇಂಚು. ಕಳೆದ ವರ್ಷ ಆಯ್ಕೆ ಸ್ಪರ್ಧೆಗೆ ಮೂರು ವಾರವಿದ್ದಾಗ ಒಂದು ಕೊರಕಲಿಗೆ ಬಿದ್ದು ಹಿಂದಿನ ಚಕ್ರ ಎಂಟಿನ ಆಕಾರವಾಯಿತು. ಬೆಳಗಾವಿಯ ಗೆಳತಿ ತನ್ನ ಚಕ್ರವನ್ನೇ ಬಸ್ಸಿನಲ್ಲಿ ಕಳಿಸಿದಳು. ಅದೂ 29, ಅದೂ ಡಿಸ್ಕ್, ಅದಕ್ಕೂ 12 ಹಲ್ಲುಚಕ್ರ. ತಂದು ಹಿಡಿದರೆ ಕೂರಲೊಲ್ಲದು. ಇವಳ ಚೌಕಟ್ಟು 142, ಆ ಹಬ್ 148.

“ಅಜ್ಜಾ, ಬರೇ ಆರು ಮಿಲಿಮೀಟರ್!” ಎಂದಳು. ಕಣ್ಣಲ್ಲಿ ನೀರಿತ್ತು.

ಚೌಕಟ್ಟನ್ನು ಹಿಗ್ಗಿಸಿ ಕೂರಿಸಿ ಎಂದವರೂ ಇದ್ದರು. ಹಳೆಯ ಉಕ್ಕಿನ ಸೈಕಲ್ಲಿಗೆ ಅದು ನಡೆದೀತು, ಅಲ್ಯೂಮಿನಿಯಮ್ಮು, ಕಾರ್ಬನ್ನು ಬಿರುಕು ಬಿಡುತ್ತವೆ. ದೊಡ್ಡ ಊರಿನ ಒಂದು ಅಂಗಡಿಗೆ ಫೋನ್ ಮಾಡಿದೆ. “ಆ ಅಳತೆ ಈಗ ಹಳೇದು ಸಾರ್, ಹೊಸಾ ಬೈಕೇ ತಗೊಳ್ಳಿ” ಎಂದರು. ಹೇಳಿದ ಬೆಲೆ ನನ್ನ ನಾಲ್ಕು ತಿಂಗಳ ಪಿಂಚಣಿ.

ಕೊನೆಗೆ ನಮ್ಮ ಓಣಿಯ ಸೈಕಲ್ ಶಾಪಿಗೆ ಹೋದೆವು. ಅವರಿಗೆ ನನ್ನಷ್ಟೇ ವಯಸ್ಸು. ಚಕ್ರವನ್ನು ತಿರುಗಿಸಿ, ಹಬ್ಬಿಗೆ ಕಿವಿಗೊಟ್ಟು ಕೇಳಿದರು. “ಸಾಹೇಬ್ರ, ಹಬ್ ಗಟ್ಟಿ ಐತ್ರಿ. ರಿಮ್ ಅಷ್ಟ ಹೋಗೇತಿ. ಇದ ಅಳತಿದು 32 ತೂತಿನ ರಿಮ್ ತರಸ್ರಿ, ನಾ ಕಟ್ಟಿ ಕೊಡ್ತೀನಿ” ಎಂದರು. ಬೆಂಗಳೂರಿನಿಂದ ರಿಮ್ ಬಂತು. ಹಳೆಯ ಕಡ್ಡಿಗಳಲ್ಲಿ ಹೆಚ್ಚಿನವು ಮತ್ತೆ ಉಪಯೋಗಕ್ಕೆ ಬಂದವು. 40 ಕಡ್ಡಿಯ ಚಕ್ರಗಳನ್ನು ಜೀವಮಾನವಿಡೀ ಕಟ್ಟಿದ ಕೈಗೆ 32 ಯಾವ ಲೆಕ್ಕ? ಎರಡು ಸಂಜೆ ಕೂತು ಕಟ್ಟಿದರು. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ, ನಾದ ಕೇಳಿ ಬಿಗಿ ಮಾಡಿದರು. ಧಾರವಾಡದಲ್ಲಿ ಸೈಕಲ್ಲಿನ ಕಡ್ಡಿಯೂ ಶ್ರುತಿಯಲ್ಲೇ ಇರಬೇಕಲ್ಲ!

ಆಯ್ಕೆ ಆದದ್ದು ಆರು ಜನ. ನಮ್ಮ ಹುಡುಗಿ ಏಳನೆಯವಳು. ಮನೆಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುವಿದಳು. “ಅಜ್ಜಾ, ಚಕ್ರ ಒಂದು ಕೂದಲೆಳಿಯಷ್ಟೂ ಸೊಟ್ಟ ಆಗಿಲ್ಲ ನೋಡು. ಸೋತಿದ್ದು ನನ್ನ ಕಾಲು. ಅದನ್ನ ಗಟ್ಟಿ ಮಾಡಾಕ ಒಂದು ವರ್ಷ ಐತಿ” ಎಂದಳು. ಮರುದಿನ ಐದೂವರೆಗೆ ಗೇಟಿನ ಸದ್ದು ಕೇಳಿತು.

ಎಲ್ಲರಿಗೂ ಒಂದೇ ಅಳತೆ ಏಕಿಲ್ಲ?

ಬ್ಯಾಂಕಿನ ಚೆಕ್ಕನ್ನು ನೋಡಿ. ಯಾವ ಬ್ಯಾಂಕಿನದಾದರೂ ಕೆಳಗಿನ ಬಿಳಿ ಪಟ್ಟಿಯಲ್ಲಿ ಯಂತ್ರ ಓದುವ ಅಂಕಿಗಳು ಒಂದೇ ಬಗೆಯಲ್ಲಿ, ಒಂದೇ ಜಾಗದಲ್ಲಿ ಇರುತ್ತವೆ. ಐಎಫ್‌ಎಸ್‌ಸಿ ಸಂಕೇತ ಎಲ್ಲ ಬ್ಯಾಂಕಿಗೂ 11 ಅಕ್ಷರವೇ. ಹಾಗಿರುವುದರಿಂದಲೇ ಬೀದರಿನ ಖಾತೆಯ ಹಣ ಚಾಮರಾಜನಗರಕ್ಕೆ ಹೋಗಿ ಸೇರುತ್ತದೆ. ಬ್ಯಾಂಕುಗಳಿಗೆ ಹೀಗೇ ಮಾಡಿ ಎನ್ನಲು ರಿಸರ್ವ್ ಬ್ಯಾಂಕ್ ಇದೆ. ಸೈಕಲ್ ಕಂಪನಿಗಳಿಗೆ ಹಬ್ಬಿನ ಅಗಲ ಇಷ್ಟೇ ಇರಲಿ ಎನ್ನುವ ದೊಡ್ಡಪ್ಪ ಇಲ್ಲ. ಒಬ್ಬರು ಹೊಸ ಅಳತೆ ತರುತ್ತಾರೆ, ಚೆನ್ನಾಗಿದ್ದರೆ ಉಳಿದವರು ಹಿಂಬಾಲಿಸುತ್ತಾರೆ. ಅದರಿಂದ ಬೈಕು ಸುಧಾರಿಸಿದ್ದು ಸುಳ್ಳಲ್ಲ. ಆದರೆ ಪ್ರತಿ ಹೊಸ ಅಂಕಿಯ ಹಿಂದೆ ಹಳೆಯ ಚೌಕಟ್ಟಿನ ಮೇಲೆ ಕೂತ ಯಾವುದೋ ಹುಡುಗ, ಯಾವುದೋ ಹುಡುಗಿ ಬಿಡಿಭಾಗಕ್ಕೆ ಅಲೆಯುತ್ತಿರುತ್ತಾರೆ.

ಒಳ್ಳೆಯ ಉದಾಹರಣೆಯೂ ಇದೆ. ಗೇರ್ ಬದಲಿಸುವ ಯಂತ್ರವನ್ನು ಚೌಕಟ್ಟಿಗೆ ತೂಗಿಹಾಕಲು ಒಂದು ಸಣ್ಣ ಕೊಂಡಿ ಬೇಕು. ಸೈಕಲ್ ಬಿದ್ದರೆ ಮೊದಲು ಬಾಗುವುದು ಅದೇ. ಒಂದೊಂದು ಕಂಪನಿಯದ್ದು ಒಂದೊಂದು ಆಕಾರ, ಸರಿಯಾದದ್ದು ಸಿಗುವುದೇ ಕಷ್ಟ. 2019ರಲ್ಲಿ ಸ್ರ್ಯಾಮ್ ಎಲ್ಲರಿಗೂ ಹೊಂದುವ ಒಂದೇ ಕೊಂಡಿ ಮಾಡಿ, ಉಳಿದ ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಈಗ ಹಲವು ಹೆಸರಿನ ಬೈಕುಗಳಿಗೆ ಅದೊಂದೇ ಕೊಂಡಿ ಸಾಕು. ಅವರಿಗೂ ಲಾಭವಿತ್ತು, ಅವರ ಮುಂದಿನ ಗೇರ್ ಯಂತ್ರ ಆ ಜಾಗಕ್ಕೇ ಕೂರುವಂತೆ ಬಂತು. ಇರಲಿ, ಸವಾರರಿಗೂ ಅನುಕೂಲವೇ ಆಯಿತಲ್ಲ.

ಕೊಳ್ಳುವ ಮುಂಚೆ, ಓಡಿಸುವ ಮುಂಚೆ

ಮೊಮ್ಮಕ್ಕಳಿಗೆ ಇಂಥ ಬೈಕು ಕೊಡಿಸುವ ಹಿರಿಯರಿಗೆ ನಾಲ್ಕು ಮಾತು.

ಹಳೆಯ ಬೈಕು ಕೊಳ್ಳುವಾಗ ಬಣ್ಣ ನೋಡುವ ಮೊದಲು ಹಿಂದಿನ ಹಬ್ಬಿನ ಅಗಲ ಕೇಳಿ. 135, 142, 148, ಯಾವುದಾದರೂ ಇರಲಿ, ಅದರ ಬಿಡಿಭಾಗ ನಿಮ್ಮ ಊರಿಗೆ ಬರುತ್ತದೆಯೇ ಎಂದು ಅಂಗಡಿಯಲ್ಲಿ ವಿಚಾರಿಸಿ.

ಅಚ್ಚು ಯಾವ ಬಗೆಯದು ಎಂದು ನೋಡಿ. ಕ್ವಿಕ್ ರಿಲೀಸ್ ಆಗಿದ್ದರೆ, ಮಗು ಹೊರಡುವ ಮುಂಚೆ ಪ್ರತಿ ದಿನ ಲಿವರನ್ನು ಮುಟ್ಟಿ ನೋಡಿ. ಮಡಚುವಾಗ ಅಂಗೈಯಲ್ಲಿ ಗುರುತು ಮೂಡುವಷ್ಟು ಬಿಗಿ ಇರಬೇಕು. ಸ್ಕ್ರೂ ತಿರುಗಿಸಿದಂತೆ ಲಿವರನ್ನು ಸುತ್ತಿಸಿ ಬಿಟ್ಟರೆ ಅದು ಬಿಗಿಯಲ್ಲ.

ಚಕ್ರವನ್ನು ಎತ್ತಿ ತಿರುವಿ. ಪಕ್ಕಕ್ಕೆ ಅಲುಗಿದರೆ ಬೇರಿಂಗ್ ಸಡಿಲ, ಗರಗರ ಸದ್ದು ಬಂದರೆ ಒಳಗೆ ಗ್ರೀಸಿಲ್ಲ ಅಥವಾ ಮಣ್ಣು ಹೊಕ್ಕಿದೆ.

ನಿಮ್ಮ ಓಣಿಯಲ್ಲಿ ಚಕ್ರ ಕಟ್ಟಬಲ್ಲ ಹಳೆಯ ಸೈಕಲ್ ಶಾಪಿನವರು ಇದ್ದರೆ ಅವರ ಪರಿಚಯ ಇಟ್ಟುಕೊಳ್ಳಿ. ಅಂಥ ಕೈಗಳು ಕಡಿಮೆಯಾಗುತ್ತಿವೆ.

ಇನ್ನು ಮಕ್ಕಳಿಗೆ ಈ ಭಾನುವಾರದ ಕೆಲಸ. ಸ್ಕೇಲು, ಕೋನಮಾಪಕ, ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಸೈಕಲ್ಲಿನ ಮುಂದಿನ ಕಡ್ಡಿಗಳೆಷ್ಟು, ಹಿಂದಿನವೆಷ್ಟು ಎಣಿಸಿ. ಹಿಂದಿನ ಹಬ್ ಚೌಕಟ್ಟಿನ ಕಾಲುಗಳ ನಡುವೆ ಎಷ್ಟು ಮಿಲಿಮೀಟರ್ ಇದೆ ಅಳೆಯಿರಿ. ಟೈರಿನ ಪಕ್ಕದಲ್ಲಿ ಉಬ್ಬಿದ ಅಂಕಿಗಳಲ್ಲಿ 559, 584, 622, 635 ಇವುಗಳಲ್ಲಿ ಯಾವುದಿದೆ ಹುಡುಕಿ. ಅಜ್ಜನ ಹಳೆಯ ಸೈಕಲ್ಲು ಅಟ್ಟದ ಕೆಳಗೋ ಕೊಟ್ಟಿಗೆಯಲ್ಲೋ ಉಳಿದಿದ್ದರೆ ಅದನ್ನೂ ಹೊರಗೆ ತಂದು ಅಳೆದು, ಎರಡನ್ನೂ ಅಕ್ಕಪಕ್ಕದ ಎರಡು ಕಾಲಮ್ಮಿನಲ್ಲಿ ಬರೆಯಿರಿ. ಬರೆದ ಹಾಳೆಯನ್ನು ಪಂಪ್ ಇಡುವ ಜಾಗದಲ್ಲಿ ಅಂಟಿಸಿ. ಮುಂದೆ ಯಾವತ್ತೋ ಚಕ್ರ ಬದಲಿಸಬೇಕಾದಾಗ, ಅಂಗಡಿಯವರು ಏನೇ ಹೇಳಲಿ, ಉತ್ತರ ನಿಮ್ಮ ಕೈಬರಹದಲ್ಲೇ ಇರುತ್ತದೆ.